ಸೋಮವಾರದ ಒಲೆ

ಬೊಗಳುವ ನಾಯಿ ಕಚ್ಚುವುದಿಲ್ಲ, ಬೊಗಳದ ನಾಯಿಗೆ ನೋವಿಲ್ಲ. ಗಾದೆಗೆ ಈ ಬಾಲ ಸೇರಿಸಿದವರು ತೆರಕಣಾಂಬಿಯ ಚಿಕ್ಕಮಲ್ಲಮ್ಮ. ಸೇರಿಸಿದ್ದು ಒಂದು ಸೋಮವಾರ ಬೆಳಗ್ಗೆ, ಪಡಸಾಲೆಯ ಗೋಣಿಚೀಲದ ಮೇಲೆ ಮಲಗಿದ್ದ ಮನೆಯ ನಾಯಿ ಕರಿಯನನ್ನು ನೋಡುತ್ತ. ಈ ಕತೆಯಲ್ಲಿ ಕಟ್ಟಿದ್ದು ಏನೂ ಇಲ್ಲ, ಕರಿಯನ ಕಾಲಿನ ಬ್ಯಾಂಡೇಜೊಂದನ್ನು ಬಿಟ್ಟರೆ.

"ನೋವಿದ್ರೆ ಕುಂಯ್‌ಗುಟ್ಟಕಿಲ್ವಾ? ಸುಮ್ಗೆ ಬಿದ್ದದೆ ಬುಡ್ಲಾ," ಎಂದರು ಮಗ ಸೋಮೇಶನಿಗೆ.

ಸೋಮೇಶನಿಗೆ ಹಾಗೆ ಕಾಣಲಿಲ್ಲ. ಶುಕ್ರವಾರ ಅವನ ಗೂಡ್ಸ್ ಆಟೋ ಏರಿ ಗುಂಡ್ಲುಪೇಟೆಗೆ ಬಂದಿದ್ದ ಕರಿಯನಿಗೆ ಈರುಳ್ಳಿ ಮಂಡಿಯ ಮುಂದೆ ಲಾರಿಯ ಚಕ್ರ ತಾಗಿ ಹಿಂಗಾಲು ಮುರಿದಿತ್ತು. ಮಾರನೆಯ ದಿನ ಆಪರೇಷನ್ ಮಾಡಿ ರಾಡು ಹಾಕಿದ ಡಾಕ್ಟರ್ ರೂಪಶ್ರೀ ಊತ, ನೋವು ಎರಡನ್ನೂ ಇಳಿಸುವ ಮಾತ್ರೆ ಕೊಟ್ಟು, ದಿನಕ್ಕೊಂದು, ಉಂಡ ಮೇಲೆಯೇ ಎಂದು ಎರಡು ಸಲ ಹೇಳಿದ್ದರು. ಬರಿ ಹೊಟ್ಟೆಗೆ ಹಾಕಿದರೆ ಒಳಗೆ ಹುಣ್ಣಾಗುತ್ತದೆ. ಮನುಷ್ಯರ ಮಾತ್ರೆಯನ್ನಂತೂ ಮುಟ್ಟಿಸಲೇಬಾರದು. ನಾಯಿ ನೋವನ್ನು ಕೂಗಿ ಹೇಳುವುದಿಲ್ಲ, ಅಡಗಿಸಿಕೊಳ್ಳುತ್ತದೆ ಎಂದೂ ಹೇಳಿದ್ದರು. ಭಾನುವಾರ ಅನ್ನದೊಳಗೆ ಮಾತ್ರೆ ನುಂಗಿ ನೆಮ್ಮದಿಯಾಗಿದ್ದ ಕರಿಯನ ತೊಡೆ ಈಗ ಸಣ್ಣಗೆ ನಡುಗುತ್ತಿತ್ತು. ಉಸಿರು ತುಂಡು ತುಂಡಾಗಿ ಬರುತ್ತಿತ್ತು. ಕಣ್ಣು ತೆರೆದಿತ್ತು, ಯಾರನ್ನೂ ನೋಡುತ್ತಿರಲಿಲ್ಲ.

ತೊಡಕು ಒಲೆಯದು. ಸೋಮವಾರ ಆ ಮನೆಯಲ್ಲಿ ಸಂಜೆಯ ಶಿವಪೂಜೆಯಾಗುವ ತನಕ ಒಲೆ ಹೊತ್ತುವುದಿಲ್ಲ. ಚಿಕ್ಕಮಲ್ಲಮ್ಮ ಸೊಸೆಯಾಗಿ ಬಂದ ಮೂವತ್ತೊಂದು ವರ್ಷದಲ್ಲಿ, ಗಂಡ ತೀರಿಕೊಂಡ ವರ್ಷವೂ ಸೇರಿ, ಹೊತ್ತಿಲ್ಲ. ಮರಿಯಾಗಿ ಬಂದ ದಿನದಿಂದ ಕರಿಯನದೂ ಅದೇ ವ್ರತ. ಸೋಮೇಶ ಬೇಕರಿಯಿಂದ ಬನ್ನು ತಂದು ಮೂತಿಗೆ ಹಿಡಿದ. ಕರಿಯ ಮುಖ ತಿರುಗಿಸಿ ಅವ್ವನ ಕಡೆ ನೋಡಿದ. ಅವರ ಕೈಯಿಂದ ಬೀಳದ್ದನ್ನು ಅವನು ತಿಂದವನೇ ಅಲ್ಲ. ಬೇಕರಿಯದನ್ನು ಅವರು ಸೋಮವಾರ ಕೈಯಲ್ಲೂ ಮುಟ್ಟುವುದಿಲ್ಲ.

"ಒಲೆ ಹಚ್ಚವ್ವ. ಒಂದ್ ಹಿಡಿ ಅಕ್ಕಿ ಸಾಕು."

"ಮಾದಪ್ಪನ್ ದಿನ ಕಣ್ಲಾ. ಸಂಜೆಗಂಟ ತಡಕತ್ತದೆ."

ದನಿಯಲ್ಲಿ ಬಲವಿರಲಿಲ್ಲ. ಅವರ ಕೈ ಕರಿಯನ ಕಿವಿಯ ತನಕ ಹೋಗಿ, ಮುಟ್ಟದೆ ಹಿಂದಕ್ಕೆ ಬಂತು.

ಸೋಮೇಶ ಹಿತ್ತಿಲಿಗೆ ಹೋದ. ಕಾಲೇಜಿನ ದಿನಗಳಲ್ಲಿ ಪ್ರಿನ್ಸಿಪಾಲರಿಂದ ಹಿಡಿದು ಬಸ್ ಕಂಡಕ್ಟರ್ ತನಕ ಅವನ ಗಂಟಲಿಗೆ ಸಿಗದ ದನಿಯಿರಲಿಲ್ಲ. ಅವ್ವನಿಗೆ ಗೊತ್ತಿಲ್ಲದ ಹೊಸ ಸಿಮ್ಮಿನಿಂದ ಅವರಿಗೇ ಫೋನು ಹಚ್ಚಿ, ಅವರು ನಡೆದುಕೊಳ್ಳುವ ಮಠದ ಹಿರಿಯ ಸ್ವಾಮಿಗಳ ಮೂಗುದನಿ ತೆಗೆದು, ಮಾತಿನ ನಡುವಿನ ಅವರ ಸಣ್ಣ ಕೆಮ್ಮನ್ನೂ ಬಿಡದೆ ಹೇಳಿದ: "ನೋಯೋ ಜೀವಕ್ಕೆ ಉಪವಾಸ ಇಲ್ಲ ಕಣವ್ವ. ಒಲೆ ಹಚ್ಚು."

ಆ ಕಡೆ ಒಲೆಯ ಬೂದಿ ಕೆದಕಿದ ಸದ್ದು. ಆಮೇಲೆ, "ಆಗ್ಲಿ ಬುದ್ಧಿ."

ಅವನು ಒಳಗೆ ಬಂದಾಗ ಚಿಕ್ಕಮಲ್ಲಮ್ಮ ತಲೆಯ ಮೇಲೆ ಸೆರಗು ಹೊದ್ದು ಬೆಂಕಿ ಊದುತ್ತಿದ್ದರು. ಗಂಜಿ ಆರಿಸಿ, ಕೈಯಿಂದಲೇ ನೆಕ್ಕಿಸಿ, ಕೊನೆಯ ತುತ್ತಿನಲ್ಲಿ ಮಾತ್ರೆ ಇಟ್ಟರು. ಮಧ್ಯಾಹ್ನದ ಹೊತ್ತಿಗೆ ನಡುಕ ನಿಂತಿತು. ಕರಿಯ ಮುಂಗಾಲ ಮೇಲೆ ಮೂತಿಯಿಟ್ಟು ನಿದ್ದೆ ಹೋದ.

ಸಮಾಧಾನವಿಲ್ಲದವನು ಸೋಮೇಶ. ಮೂವತ್ತೊಂದು ವರ್ಷದ ನೇಮವನ್ನು ಕದ್ದ ದನಿಯಲ್ಲಿ ಮುರಿಸಿದ್ದ. ಸಂಜೆ ಅವ್ವ ಪೂಜೆಗೆ ಕೂತು ವಿಭೂತಿ ಹಚ್ಚಿಕೊಳ್ಳುತ್ತಿದ್ದಾಗ, ಫೋನು ಮಾಡಿದ್ದು ತಾನೇ ಎಂದು ತಲೆ ತಗ್ಗಿಸಿ ಹೇಳಿಬಿಟ್ಟ.

"ಗೊತ್ತು ಕಣ್ಲಾ," ಎಂದರು ಅವರು, ತಿರುಗದೆ. "ಮಠದ್ ಬುದ್ಯೋರು ಸ್ವಾಮ್ವಾರ ಮೌನ. ಹೊತ್ತು ಮುಳುಗಗಂಟ ಶಿವನೇ ಬಂದು ಕರುದ್ರೂವೆ ಬಾಯ್ ಬುಡಕಿಲ್ಲ."

ಸೋಮೇಶ ತಾನೇ ಬಾಯಿ ಬಿಟ್ಟುಕೊಂಡು ನಿಂತ. ಆ ಮುಖ ನೋಡಿ ಚಿಕ್ಕಮಲ್ಲಮ್ಮನಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ, ಜೋರು ಅವರದೇ. ನಕ್ಕು ನಕ್ಕು ಬಂದ ಕಣ್ಣೀರಿನ ಜೊತೆಗೆ ಹಣೆಯ ಹೊಸ ವಿಭೂತಿಯನ್ನೂ ಸೆರಗಿನಲ್ಲಿ ಒರೆಸಿಕೊಂಡುಬಿಟ್ಟರು. ಪಡಸಾಲೆಯಲ್ಲಿ ಕರಿಯ, ಕಣ್ಣು ತೆರೆಯದೆಯೇ, ಬಾಲವನ್ನು ಒಮ್ಮೆ ನೆಲಕ್ಕೆ ಬಡಿದ.