ಹುಳದ ಮನೆಯ ಬಾಗಿಲು

ನರಸಿಂಹಪ್ಪನವರ ಹುಳದ ಮನೆಗೆ ಯಾರೂ ಸುಮ್ಮನೆ ನುಗ್ಗುವ ಹಾಗಿಲ್ಲ. ಚಪ್ಪಲಿ ಅಂಗಳದಲ್ಲೇ ಬಿಡಬೇಕು, ಬಾಗಿಲಲ್ಲಿಟ್ಟ ಬ್ಲೀಚಿಂಗ್ ನೀರಿನ ಬೋಗುಣಿಯಲ್ಲಿ ಕಾಲು ಅದ್ದಬೇಕು, ಕೈ ತೊಳೆಯಬೇಕು. ಸೆಂಟು ಹಾಕಿಕೊಂಡವರು ಅತ್ತ ಸುಳಿಯಲೂ ಕೂಡದು. ರೇಷ್ಮೆ ಹುಳಕ್ಕೆ ಸೋಂಕು ತಗುಲಿದರೆ ಬೆಳೆಯೇ ಹೋಯಿತು, ಆದ್ದರಿಂದ ಸಾದಲಿಯ ಎಲ್ಲರ ಮನೆಯಲ್ಲೂ ಇದೇ ಕಟ್ಟಳೆ. ಹುಳ ಪೊರೆ ಬಿಡುವುದಕ್ಕೆ ಇಲ್ಲಿಯವರು ‘ಜ್ವರ’ ಎನ್ನುತ್ತಾರೆ. ಆ ಜ್ವರ ಬಂತೆಂದರೆ ಮನೆಮಂದಿಯೆಲ್ಲ ಪಿಸುದನಿಯಲ್ಲಿ ಮಾತಾಡುತ್ತಾರೆ. ಮನುಷ್ಯರಿಗೆ ಜ್ವರ ಬಂದರೆ ಒಂದು ಮಾತ್ರೆ ನುಂಗಿಸಿ ಸೊಪ್ಪು ಕೊಯ್ಯಲು ಕಳಿಸುತ್ತಾರೆ.

ಸೊಸೆ ಶೋಭಾರಾಣಿಗೆ ಈ ಲೆಕ್ಕಾಚಾರ ಮದುವೆಯಾದ ಹೊಸತರಲ್ಲೇ ಅರ್ಥವಾಗಿತ್ತು. ಅವಳು ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಮೇಡಂ. ತವರಿನವರು ಸತ್ತರೂ ಇಷ್ಟು ಸಲೀಸಾಗಿ ರಜೆ ಹಾಕುತ್ತಿರಲಿಲ್ಲವೇನೋ, ಹುಳ ಹಣ್ಣಾದ ದಿನ ಮಾತ್ರ ತುಟಿಪಿಟಕ್ಕೆನ್ನದೆ ಹಾಕುತ್ತಿದ್ದಳು. ಹಣ್ಣಾದ ಹುಳ ಸೊಪ್ಪು ತಿನ್ನುವುದನ್ನು ಬಿಟ್ಟು ಗೂಡು ಕಟ್ಟಲು ಜಾಗ ಹುಡುಕುತ್ತದೆ. ಅದನ್ನು ತಟ್ಟೆಯಿಂದ ಆರಿಸಿ, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡಲು ನೆಂಟರು, ನೆರೆಯವರು ಎಲ್ಲರೂ ಬೇಕು.

ಆ ದಿನವೂ ಎಲ್ಲರೂ ಬಂದಿದ್ದರು. ನರಸಿಂಹಪ್ಪ ಒಂದು ಬೊಗಸೆ ಹುಳ ಹಿಡಿದು ನಿಂತವರು, ಯಾರಿಗೋ ಏನೋ ಹೇಳಲು ಬಾಯಿ ತೆರೆದು, ಹಾಗೇ ಕುಸಿದರು. ಮೊದಲು ಓಡಿಬಂದವನು ಅವರ ತಮ್ಮ ಕೋನಪ್ಪ. ಬಗ್ಗಿ ಅಣ್ಣನ ಬೊಗಸೆಯಿಂದ ಚೆಲ್ಲಿದ ಹುಳಗಳನ್ನು ಆರಿಸಿ ತಟ್ಟೆಗೆ ಹಾಕಿದ. ಆಮೇಲೆ ಅಣ್ಣನ ಮುಖ ನೋಡಿದ.

“ಓರಿ ದೇವುಡಾ! ಪಿಟ್ಸು ಕಣ್ರೋ, ಬೀಗದ ಕೈ ತಗಂಬನ್ನಿ!”

ಬೀಗದ ಕೈ ಬಂತು, ಕುಡುಗೋಲು ಬಂತು. ಪ್ರಜ್ಞೆಯಿಲ್ಲದ ಮುದುಕರ ಕೈಯಲ್ಲಿ ಮನೆಯ ಕಬ್ಬಿಣವನ್ನೆಲ್ಲ ತುರುಕಿದರು. ಅತ್ತೆ ಚಿಕ್ಕವೆಂಕಟಮ್ಮ ಚೊಂಬಿನಿಂದ ಬಾಯಿಗೆ ನೀರು ಹುಯ್ಯಲು ಹೋದರು. ಒಬ್ಬ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದ. ನರಸಿಂಹಪ್ಪನವರ ಗಂಟಲಿನಿಂದ ಒಮ್ಮೊಮ್ಮೆ ಗೊರ್ ಎಂಬ ಸದ್ದು ಹೊರಟಿತು.

“ಗೊರಕೆ ಹೊಡೀತವ್ನೆ, ಏನೂ ಇಲ್ಲ. ಸುಸ್ತಾಗೈತೆ, ಮಲಗ್ಲಿ ಬಿಡಿ,” ಎಂದ ಕೋನಪ್ಪ. ಊರಿನಲ್ಲಿ ಯಾರಿಗೆ ಏನಾದರೂ ತೀರ್ಪು ಕೊಡುವವನು ಅವನೇ.

ಶೋಭಾರಾಣಿ ನೀರಿನ ಚೊಂಬನ್ನು ಕಿತ್ತುಕೊಂಡಳು. “ಅದು ಗೊರಕೆ ಅಲ್ಲ ಚಿಕ್ಕಮಾವ, ಹೃದಯ ನಿಂತಿದೆ! ರೀ, ಆಂಬುಲೆನ್ಸ್‌ಗೆ ಫೋನ್ ಮಾಡಿ!”

ಗಂಡ ಸುನೀಲ್‌ಕುಮಾರ್ ಫೋನ್ ಹಿಡಿದು ಹೊರಗೆ ಓಡಿದ. ಅವಳು ಸೆರಗು ಸಿಕ್ಕಿಸಿ, ಮಂಡಿಯೂರಿ, ಮಾವನ ಎದೆಯ ನಡುವೆ ಎರಡೂ ಅಂಗೈ ಊರಿ ಒತ್ತತೊಡಗಿದಳು. ಸ್ಕೂಲಿನ ತರಬೇತಿಯಲ್ಲಿ ಒತ್ತಿದ್ದು ರಬ್ಬರಿನ ಬೊಂಬೆಯನ್ನು. ಆಗ ಟೀಚರುಗಳೆಲ್ಲ ಕಿಸಕ್ಕನೆ ನಕ್ಕಿದ್ದರು, ಅವಳೂ ನಕ್ಕಿದ್ದಳು. ಈಗ ಅಂಗೈ ಕೆಳಗೆ ಪಕ್ಕೆಲುಬು ಲಟಕ್ಕೆಂದಿತು. ಆದರೂ ಅವಳು ಕೈ ಎತ್ತಲಿಲ್ಲ.

ಈ ಮನೆಯಲ್ಲಿ ಸೊಸೆ ಮಾವನ ಎದುರು ಕುರ್ಚಿಯಲ್ಲಿ ಕೂತವಳಲ್ಲ, ಕಾಫಿ ಲೋಟವನ್ನೂ ಕೈಗೆ ಕೊಡದೆ ಪಕ್ಕದಲ್ಲಿಟ್ಟು ಸರಿಯುವವಳು.

“ಏನೇ ಇದು, ಮಾವನ ಮೈಮೇಲೆ ಬೀಳೋದು! ಎಲ್ರೂ ನೋಡ್ತಾವ್ರೆ, ಎದ್ದೇಳೇ!” ಎಂದು ಅತ್ತೆ ಅವಳ ಭುಜ ಎಳೆದರು. ಗಂಡ ಸಾಯುತ್ತಿದ್ದರೂ ಮಾನದ ಚಿಂತೆ ಬಿಡದ ಹೆಂಗಸು.

“ಕೈ ಬಿಡಿ ಅತ್ತೆ. ನಾನು ನಿಲ್ಸಿದ್ರೆ ಮಾವ ಉಳಿಯಲ್ಲ.”

ಅವಳ ದನಿಗೆ ಬೆದರಿ ಅತ್ತೆ ಹಿಂದೆ ಸರಿದರು. ನೀವು ಸ್ವಲ್ಪ ಹೊತ್ತು ಒತ್ತಿ ಎಂದು ಒಬ್ಬೊಬ್ಬರನ್ನೂ ಕೇಳಿದಳು. ಆಗ ಎಲ್ಲರಿಗೂ ಹುಳದ ನೆನಪಾಯಿತು. ಚಂದ್ರಿಕೆ ಕಡೆಗೆ ತಿರುಗಿಕೊಂಡರು.

ತೋಳು ಮರಗಟ್ಟುವ ಹೊತ್ತಿಗೆ ಆಂಬುಲೆನ್ಸ್ ಸದ್ದು ಕೇಳಿತು. ಉಳಿದೆವು ಅಂದುಕೊಂಡಳು. ಬಾಗಿಲಲ್ಲಿ ಕೋನಪ್ಪ ಕೈ ಅಡ್ಡ ಹಿಡಿದು ನಿಂತಿದ್ದ. ಅವನ ಹಿಂದೆ ನೆಂಟರ ಗೋಡೆ.

“ಶೂ ಬಿಚ್ಚಿ ಸ್ವಾಮಿ, ಬೋಗುಣೀಲಿ ಕಾಲದ್ದಿ. ಹುಳ ಹಣ್ಣಾಗೈತೆ.”

“ಪೇಷಂಟ್ ಎಲ್ಲಿ? ದಾರಿ ಬಿಡ್ರಿ!” ಎಂದಳು ಪೆಟ್ಟಿಗೆ ಹಿಡಿದ ಸಿಬ್ಬಂದಿಯ ಹುಡುಗಿ.

“ಮೈಯೆಲ್ಲ ಸ್ಪಿರಿಟ್ ವಾಸನೆ ಹೊಡೀತೈತೆ ನಿಮ್ದು. ನೀವೊಳಗೆ ಬರ್ಬೇಡಿ, ನಾವೇ ಎತ್ಕೊಂಡು ಬರ್ತೀವಿ.”

ಎತ್ತಿದರೆ ಒತ್ತುವುದು ನಿಲ್ಲುತ್ತದೆ. ಶೋಭಾರಾಣಿ ಗಂಡನನ್ನು ಕೂಗಿದಳು. ಸುನೀಲ್‌ಕುಮಾರ್ ಬಾಗಿಲ ಆಚೆ ನಿಂತು, “ಚಿಕ್ಕಪ್ಪ, ಸ್ವಲ್ಪ ನೋಡಿ ಚಿಕ್ಕಪ್ಪ,” ಎನ್ನುತ್ತಿದ್ದ. ಬಿ.ಇ. ಓದಿದ ಗಂಡಸು, ಅಪ್ಪನ ಜೀವಕ್ಕೆ ಚಿಕ್ಕಪ್ಪನ ಅಪ್ಪಣೆ ಬೇಡುತ್ತಿದ್ದ! ಅವಳಿಗೆ ಅಳು ಬರಲಿಲ್ಲ, ಅಸಹ್ಯವಾಯಿತು. ಈ ಜನಕ್ಕೆ ಯಾವ ಮಾತು ನಾಟುತ್ತದೆ ಎಂಬುದು ಆಗ ಅವಳಿಗೆ ಹೊಳೆಯಿತು.

ಒತ್ತುವ ಕೈ ನಿಲ್ಲಿಸದೆ, ಮಂಡಿಯೂರಿದ್ದಲ್ಲಿಂದಲೇ ಹಿಂದಕ್ಕೆ ಕಾಲು ಚಾಚಿ, ಅಟ್ಟಣಿಗೆಯ ಕೆಳಗಿನ ಸಾಲಿನ ಹುಳದ ತಟ್ಟೆಯನ್ನು ಬಲವಾಗಿ ಒದ್ದಳು. ತಟ್ಟೆ ಮಗುಚಿತು. ಹಣ್ಣಾದ ಹುಳಗಳೆಲ್ಲ ನೆಲದ ತುಂಬ ಹರಡಿದವು.

“ಅಯ್ಯಯ್ಯೋ, ಹುಳಾ!”

ಬಾಗಿಲು ಕ್ಷಣದಲ್ಲಿ ಖಾಲಿಯಾಯಿತು. ಕೋನಪ್ಪ ಎಲ್ಲರಿಗಿಂತ ಮುಂಚೆ ನೆಲಕ್ಕೆ ಬಿದ್ದಿದ್ದ. ಮನುಷ್ಯ ಬಿದ್ದಾಗ ದೂರ ನಿಂತು ಸಲಹೆ ಕೊಟ್ಟವರು ಈಗ ಅಂಗೈ ಮಂಡಿ ಊರಿ ಹುಳ ಹೆಕ್ಕಿದರು. ಸಿಬ್ಬಂದಿಯವರು ಶೂ ಹಾಕಿಕೊಂಡೇ ಒಳಬಂದರು. ಒಬ್ಬ ಅವಳಿಂದ ಒತ್ತುವ ಕೆಲಸ ವಹಿಸಿಕೊಂಡ. ಹುಡುಗಿ ಎದೆಗೆ ಪಟ್ಟಿ ಅಂಟಿಸಿ, ಎಲ್ಲರನ್ನೂ ದೂರ ಸರಿಸಿ, ಮೆಷಿನ್ನಿನಿಂದ ಕರೆಂಟ್ ಕೊಟ್ಟಳು. ಮತ್ತೆ ಒತ್ತಿದರು, ಮತ್ತೆ ಕೊಟ್ಟರು. ಕೊನೆಗೆ ಹುಡುಗಿ ಕತ್ತಿನ ಮೇಲೆ ಬೆರಳಿಟ್ಟು, “ನಾಡಿ ಬಂತು,” ಎಂದಳು.

ನರಸಿಂಹಪ್ಪ ಚಿಕ್ಕಬಳ್ಳಾಪುರದ ಆಸ್ಪತ್ರೆಯಿಂದ ಪಕ್ಕೆಲುಬು ಹಿಡಿದುಕೊಂಡು ಮನೆಗೆ ಬಂದರು. ನೋಡಲು ಬಂದವರಿಗೆಲ್ಲ ಕೋನಪ್ಪ ಅಂಗಳದಲ್ಲೇ ಕಥೆ ಹೇಳಿದ. ಬೀಗದ ಕೈ ಕೊಟ್ಟಿದ್ದಕ್ಕೆ ಅಣ್ಣ ಉಳಿದನಂತೆ. ಸೊಸೆ ಲಕ್ಷ್ಮಿಯಂಥ ಹುಳವನ್ನು ಕಾಲಲ್ಲಿ ಒದ್ದಳಂತೆ. ಬಂದವರು ಕಿತ್ತಳೆ ಹಣ್ಣು ಕೊಟ್ಟು, ನರಸಿಂಹಪ್ಪನವರ ಕೈ ಹಿಡಿದು, “ಎಂಥಾ ಹುಳ ಹೋಯ್ತಲ್ಲಪ್ಪ!” ಎಂದು ಮರುಗಿದರು. ನರಸಿಂಹಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಶೋಭಾರಾಣಿಗೆ ಎಲ್ಲಕ್ಕಿಂತ ನೋವಾದದ್ದು ಅದಕ್ಕೇ.

ಮುಂದಿನ ಬೆಳೆಯ ಹುಳ ಹಣ್ಣಾಗುವ ಹೊತ್ತಿಗೆ ಅವರು ಕೋಲೂರಿಕೊಂಡು ಹುಳದ ಮನೆಗೆ ಬಂದರು. ಬೋಗುಣಿಯಲ್ಲಿ ಕಾಲದ್ದಿದರು. ಚಂದ್ರಿಕೆ ಒರೆಸುತ್ತಿದ್ದ ಸೊಸೆಯನ್ನು ಹತ್ತಿರ ಕರೆದರು. ಹಾಗೆ ಅವರು ಕರೆದದ್ದು ಇದೇ ಮೊದಲು.

“ಯಾವ ತಟ್ಟೆಯಮ್ಮ ನೀನು ಒದ್ದಿದ್ದು?”

ಅವಳು ತೋರಿಸಿದಳು.

“ಚೆನ್ನಾಗಿರೋ ಹುಳಾನೇ ಆರ್ಸಿ ಒದ್ದಿದೀಯ.” ಅವರು ಎದೆ ಸವರಿಕೊಂಡು, ಮೂಲೆಯಿಂದ ಬಡಕಲು ಹುಳದ ತಟ್ಟೆಯೊಂದನ್ನು ಏದುಸಿರು ಬಿಡುತ್ತ ಎಳೆದು ತಂದು, ಕೆಳಗಿನ ಸಾಲಿನಲ್ಲಿ, ಕಾಲಿಗೆ ಸಿಗುವ ಹಾಗೆ ಇಟ್ಟರು. “ನಾನು ಇನ್ನೊಂದ್ಸಲ ಬಿದ್ರೆ ಇದನ್ನ ಒದಿಯಮ್ಮ. ಯಾರಿಗೂ ಹೇಳ್ಬೇಡ. ಬಡಕಲು ಅಂತ ಗೊತ್ತಾದ್ರೆ ಬಾಗಿಲು ಬಿಟ್ಟು ಬರಲ್ಲ ನನ್ಮಕ್ಳು.”