ಅರಾಬಾ ಅಕ್ಕನ ಎರಡು ಪಟಗಳು

ಕೆಂಕೆ ಮಾರುವವಳು ದಪ್ಪಗಿರಬೇಕು. ಇದು ಕಡಲತಡಿಯ ನಮ್ಮ ಸೆಕೊಂಡಿ ಊರಿನ ಕಾನೂನು. ಯಾರೂ ಬರೆದಿಟ್ಟಿಲ್ಲ, ಯಾರೂ ಮೀರಿಲ್ಲ. ಮೆಕ್ಕೆಜೋಳದ ಹುಳಿಹಿಟ್ಟನ್ನು ಸಿಪ್ಪೆಯಲ್ಲಿ ಸುತ್ತಿ ಬೇಯಿಸುವವಳೇ ಸೊರಗಿದ್ದರೆ ಆ ಉಂಡೆಗೆ ಸತ್ವ ಎಲ್ಲಿಂದ ಬರಬೇಕು? ಅರಾಬಾ ಅಕ್ಕನ ಮೈಯೇ ಅವಳ ಅಂಗಡಿಯ ಬೋರ್ಡು.

ಬಿಪಿ ಏರಿ ತಲೆ ಸುತ್ತಿ ಬಿದ್ದ ಮೇಲೆ ಅವಳು ನಮ್ಮ ಶನಿವಾರದ ಓಟದ ಸಂಘ ಸೇರಿದಳು. ಓಡುವಾಗ ಡೋಲು ನನ್ನದು, ಹಾಡು ಅವಳದು. ವರ್ಷದೊಳಗೆ ಬಿಪಿ ಇಳಿಯಿತು, ಮೈಯೂ ಇಳಿಯಿತು. ಆರೋಗ್ಯ ಇಲಾಖೆಯ ನರ್ಸ್ ಬೈಡೂ ಮೇಡಂಗೆ ಸ್ವರ್ಗ ಮೂರೇ ಗೇಣು. ಅಕ್ಕನ ಹಿಂದಿನ ಪಟ, ಈಗಿನ ಪಟ ಎರಡನ್ನೂ ದೊಡ್ಡದಾಗಿ ಅಚ್ಚು ಹಾಕಿಸಿ, ಕೆಳಗೆ 'ವ್ಯಾಯಾಮ ಮಾಡಿ' ಎಂದಷ್ಟೇ ಬರೆಸಿ, ಅಂಗಡಿ ಎದುರಿನ ಗೋಡೆಗೇ ಅಂಟಿಸಿದರು.

ಆ ಗೋಡೆಗೆ ಇಲಾಖೆ ಈವರೆಗೆ ಅಂಟಿಸಿದ್ದೆಲ್ಲ ಕಾಲರಾ, ಕ್ಷಯ, ಮಲೇರಿಯಾ. ಜನ ನಿಂತು ನೋಡಿದರು: ಮೊದಲು ಗುಂಡಗೆ, ಆಮೇಲೆ ಕಡ್ಡಿ.

"ಅಯ್ಯೋ ಪಾಪ, ಏನಂತೆ ಕಾಯಿಲೆ?"

"ಹೆಸರು ಹಾಕಿಲ್ಲ ನೋಡು. ಹೇಳೋಕಾಗದಂಥದ್ದೇ ಇರ್ಬೇಕು. ನಮಗೆ ಬರಬಾರದು ಅಂದ್ರೆ ವ್ಯಾಯಾಮ ಮಾಡ್ಬೇಕಂತೆ."

ಸಂಘಕ್ಕೆ ಜನವೋ ಜನ. ಅಕ್ಕನ ಪಕ್ಕ ಮಾತ್ರ ಯಾರೂ ಓಡರು. ಅವಳ ಗಿರಾಕಿಗಳಾದ ಬೆಸ್ತರು ಕೆಂಕೆಗೆ ಆಚೆ ಬೀದಿಗೆ ಹೋದರು. ಬೇಯಿಸಿದ್ದು ಬೇಯಿಸಿದ ಹಾಗೇ ಉಳಿದು, ಮಗಳ ಶಾಲೆ ಬಿಡಿಸುವ ಮಾತು ಬಂತು. ನಾನು ಅಕ್ಕನನ್ನು ಕರೆದುಕೊಂಡು ಮೇಡಂ ಕಚೇರಿಗೆ ಹೋದೆ.

"ಮೇಡಂ, ಆ ಪಟ ತೆಗೆಸಿ. ನಿಮ್ಮ ಕಾಲಿಗೆ ಬೀಳ್ತೀನಿ," ಎಂದು ಅಕ್ಕ ಬೇಡಿದಳು.

"ನಿಂಗೇನು ಹುಚ್ಚೇನಮ್ಮ? ಅದನ್ನ ನೋಡಿ ಎಷ್ಟು ಜನ ಓಡೋಕೆ ಬರ್ತಿದಾರೆ! ಇಡೀ ಜಿಲ್ಲೆಗೇ ನೀನು ಮಾದರಿ."

ಹೊರಗೆ ಬಂದು ಅಕ್ಕ ನನಗೆ ಹೇಳಿದಳು: "ಊರಿಗೆ ನಾನು ರೋಗಿಷ್ಠೆ ಆಗ್ಬೇಕು ತಾನೇ? ಆಗ್ಲಿ ಬಿಡೋ. ವಾಸಿ ಆಗೋದು ನನ್ನ ಕೈಲೇ ಇದೆಯಲ್ಲ."

ಭಾನುವಾರ, ಕಾಯಿಲೆಯಿಂದ ಎದ್ದವರು ಉಡುವ ಬಿಳಿ ಬಟ್ಟೆ ಉಟ್ಟು ಚರ್ಚಿನಲ್ಲಿ ಎಲ್ಲರ ಮುಂದೆ ನಿಂತಳು. "ಸಾವಿನ ಬಾಯಿಂದ ದೇವರು ನನ್ನ ಎಳ್ಕೊಂಡು ಬಂದ!" ಎಂದಳು. ಜನ ಚಪ್ಪಾಳೆ ತಟ್ಟಿ ಕುಣಿದರು.

"ಯಾವ ಔಷಧಿ ತಗೊಂಡೆ ಅಕ್ಕಾ?"

"ಶನಿವಾರದ ಓಟ, ಅಷ್ಟೇ."

"ಹೇಳೋಕೆ ಇಷ್ಟ ಇಲ್ಲಾಂದ್ರೆ ಬಿಡು, ಸುಳ್ಳು ಯಾಕೆ?"

ಅವತ್ತು ಅವಳು ಆಡಿದ ನಿಜ ಅದೊಂದೇ.

ಸೋಮವಾರ ಮಧ್ಯಾಹ್ನಕ್ಕೇ ಪಾತ್ರೆ ಖಾಲಿ. ಅಷ್ಟರಲ್ಲಿ ಬೈಡೂ ಮೇಡಂ ಕೆಂಡವಾಗಿ ಬಂದರು.

"ಸಾಯೋಷ್ಟು ಕಾಯಿಲೆ ಇಟ್ಕೊಂಡು ನನಗೊಂದು ಮಾತು ಹೇಳ್ಲಿಲ್ವಲ್ಲಮ್ಮ! ರೋಗಿನ ತಂದು ಆರೋಗ್ಯಕ್ಕೆ ಮಾದರಿ ಅಂತ ಗೋಡೆಗೆ ಅಂಟಿಸಿದೀನಿ. ಮೇಲಿನೋರಿಗೆ ಗೊತ್ತಾದ್ರೆ ನನ್ನ ಗತಿ ಏನು?"

ಅಕ್ಕ ತಲೆ ತಗ್ಗಿಸಿ ತಪ್ಪಾಯಿತು ಎಂದಳು. ಮೇಡಂ ಉಗುರಿನಿಂದ ಕೆರೆದು ಕೆರೆದು ಪಟ ಕಿತ್ತರು. ತಿಂಗಳು ತಿಂಗಳೂ ಅಕ್ಕನ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿ, ಇಳಿದಿದೆ ಎಂದು ಬರೆದುಕೊಂಡವರೂ ಅವರೇ.