ಭಾಜಿ ಇಲ್ಲದ ಸಂಖ್ಯೆಗಳು

ಹೊಸ್ತಿಲ ಮೇಲೆ ಒಂದು ಹುಣಸೆ ಬೀಜ, ಬಿಸಿಲು ಬಿದ್ದು ಹೊಳೆಯುತ್ತಿದೆ, ಇನ್ನು ಮೂರು ಒಳಗೆ ನೆಲದ ಮೇಲೆ ಒತ್ತೊತ್ತಾಗಿ — ಇದ್ಯಾವ ಆಟ, ಸುಜಾತಾ ರೊಟ್ಟಿ ಬಡಿಯುತ್ತಲೇ ನೋಡಿದಳು, ಹಂಚು ಕಾದಿದೆ, ಮಗಳು ಪ್ರಣಾಲಿಯ ಜಡೆ ಇನ್ನೂ ಹೆಣೆದಿಲ್ಲ, ಊಟದ ಹೊತ್ತಿಗೆ ಬೀದರ ಮುಟ್ಟಿ ಅವಳನ್ನು ಹಾಸ್ಟೆಲ್ಲಿಗೆ ಬಿಡಬೇಕು, ಆಮೇಲೆ ಭಾಲ್ಕಿಯ ಈ ಬಾಡಿಗೆ ಮನೆಗೆ ಬೀಗ, ತಾನು ಔರಾದಕ್ಕೆ, ಗಂಡ ಧಮ್ಮಪಾಲನ ನೌಕರಿ ಅಲ್ಲೇ, ಬಸುರಿ ಹೆಂಗಸನ್ನ ಒಬ್ಬಾಕಿನ್ನ ಹ್ಯಾಂಗ ಬಿಡ್ಲಿ ಅಂದ, ಖರೇನೇ ಅಂದ, ಆದರೆ ಬಸುರಿನ ಮಾತು ಮಗಳಿಗೆ ಹೇಳುವವರು ಯಾರು, ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು, ಬಾಯಿಗೆ ಮಾತು ಬರಲಿಲ್ಲ, ಬಂದದ್ದು ಹುಳಿಯ ಆಸೆ ಮಾತ್ರ, ಭಾತಂಬ್ರಾದ ತವರಿನ ಮರದ ಹುಣಸೆಹಣ್ಣು, ಚೀಪಿ ಬಿಟ್ಟ ಬೀಜಗಳನ್ನೆಲ್ಲ ತೊಳೆದು ಡಬ್ಬಿ ತುಂಬಿಕೊಂಡಿತು ಹುಡುಗಿ, ಅದಕ್ಕೆ ಲೆಕ್ಕಕ್ಕೆ ಬೇಕು, ಹನ್ನೆರಡಾದರೆ ನೋಡವ್ವಾ ಎರಡು ಸಾಲು, ಮೂರು ಸಾಲು, ನಾಕು ಸಾಲು, ಏಳಾದರೆ ಒಂದೇ ಉದ್ದನೆ ಸಾಲು, ಸಾಲೆಯಲ್ಲಿ ಸರ್ ಅವಿಭಾಜ್ಯ ಸಂಖ್ಯೆ ಅಂದದ್ದು ಇವಳ ಕಿವಿಗೆ ರೊಟ್ಟಿಯ ಜೊತೆಗಿನ ಭಾಜಿ ಅಂತಲೇ ಬಿದ್ದು ಓಡಿ ಬಂದಿದ್ದಳು, ಅವ್ವಾ, ಏಳಕ್ಕ ಯಾಕ ಭಾಜಿ ಇಲ್ಲ — ಅದರವ್ವಗ ಪುರಸೊತ್ತು ಆಗಿರಲಿಕ್ಕಿಲ್ಲ, ಬರೇ ರೊಟ್ಟಿ ಕಟ್ಟಿ ಕಳಿಸ್ಯಾಳ — ಇಬ್ಬರೂ ಹೊಟ್ಟೆ ಹಿಡಿದು ನಕ್ಕದ್ದು, ಅಂದಿನಿಂದ ಈ ಮನೆಯಲ್ಲಿ ಎರಡು, ಮೂರು, ಐದು, ಏಳು ಭಾಜಿ ಇಲ್ಲದವು, ಸಮನಾಗಿ ಒಡೆಯಲು ಬಾರದವು, ನಾವೂ ಮೂರೇ ಮಂದಿ ಅಲ್ಲೇನವ್ವಾ, ನಮ್ಮನ್ನ ಯಾರೂ ಒಡಿಯಂಗಿಲ್ಲ, ಹಾಗಾದರೆ ಈ ನಾಲ್ಕನೆಯದು — ಹೊಸ್ತಿಲ ಮೇಲೆ ಅದೊಂದೇ, ಬೀದರದ ರಸ್ತೆಯ ಕಡೆ ಮುಖ ಮಾಡಿ, ಇದ್ಯಾಕಮ್ಮ ಹೊರಗ ಅಂತ ಕೇಳಿಯೇಬಿಟ್ಟಳು, ಪ್ರಣಾಲಿ ತಲೆ ಎತ್ತಲಿಲ್ಲ, ಪಕ್ಕದ ಮನೆ ಈಶ್ವರಿ ಆಂಟಿ ಹೇಳಿದ್ರು, ನಿಮ್ಮವ್ವ ಹುಳಿ ಯಾಕ ತಿಂತಾಳ ಗೊತ್ತೇನು ಅಂತ, ಔರಾದದಾಗ ನೀನು, ಪಪ್ಪಾ, ಪಾಪು, ನೀವು ಮೂರು ಮಂದಿ ಆಗ್ತೀರಿ, ಮೂರು ಒಡಿಯಂಗಿಲ್ಲ, ನಾ ಒಂದು. ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ, ಸೀಯಲಿ, ಎಷ್ಟು ದಿನದಿಂದ ಈ ಲೆಕ್ಕ ಹೊಟ್ಟೆಯಲ್ಲಿಟ್ಟುಕೊಂಡಿತ್ತೋ ಕೂಸು, ತನ್ನ ಹೊಟ್ಟೆಯಲ್ಲಿದ್ದದ್ದಕ್ಕಿಂತ ಭಾರದ್ದು, ಏನು ಹೇಳಲಿ, ಇವಳೇ ಕಲಿಸಿದ್ದು ಬಿಟ್ಟು ತನಗೇನು ಬರುತ್ತದೆ, ಪ್ರಣೂ, ಮೂರರೊಳಗ ಯಾವ್ಯಾವು ಸರಿಯಾಗಿ ಹೋಗ್ತಾವ ಹೇಳು — ಒಂದು, ಮೂರು — ಏಳರೊಳಗ — ಒಂದು, ಏಳು — ಹನ್ನೆರಡರೊಳಗ — ಒಂದು, ಎರಡು, ಎನ್ನುತ್ತ ಹುಡುಗಿ ಎಣಿಕೆ ನಿಲ್ಲಿಸಿಬಿಟ್ಟಳು, ಯಾವುದನ್ನ ತಗೊಂಡ್ರೂ ಮೊದಲ ಬರೋ ಆ ಒಂದು ನೀನೇ ಅಲ್ಲೇನ, ಮನಿಯೊಳಗ ಎಷ್ಟು ಮಂದಿ ಆದ್ರೂ, ಅಂದಳು ಸುಜಾತಾ, ಮಗಳು ಎದ್ದಳು, ಹೊಸ್ತಿಲಿನಿಂದ ಅದನ್ನು ಎತ್ತಿಕೊಂಡಳು, ಆ ಮೂರರ ಜೊತೆಗೆ ಇಡಲಿಲ್ಲ, ಹತ್ತಿರ ಬಂದು ಅವ್ವನ ಕೈ ಬಿಡಿಸಿ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಚಿದಳು, ಇದನ್ನ ಔರಾದಕ್ಕ ಒಯ್ಯಿ — ಜಡೆ ಹೆಣೆಯಬೇಕು, ಬಸ್ಸು, ಹಂಚು, ಎಲ್ಲ ಎಲ್ಲೋ ದೂರ, ಹಿಟ್ಟು ಮೆತ್ತಿದ ಅಂಗೈಯೊಳಗೆ ಬಿಸಿಲಿನ ಕಾವು ಆರದ ಒಂದು ಬೀಜ, ಒಂದು ಬೀಜ, ಒಂದು